ಕಾರವಾರ, ಶಿರಸಿ ಕಡೆಯವ್ರಿಗೆ ಮನೆ ತೆರಿಗೆ: ಲೆಕ್ಕ ಹೇಗೆ ಬೀಳ್ತದೆ, ವಿನಾಯಿತಿ ಯಾರಿಗೆ, ತಪ್ಪಿದ್ರೆ ಎಂತ ಮಾಡೋದು

ಏಪ್ರಿಲ್ ಬಂತು ಅಂದ್ರೆ ನಗರಸಭೆ ಕೌಂಟರ್ ಎದ್ರು ಒಂದೇ ಪ್ರಶ್ನೆ, "ಪಕ್ಕದ ಮನೆಯವ್ರಿಗೆ ಎರಡು ಸಾವಿರ, ನಮಗೆ ಎಂತಕ್ಕೆ ನಾಲ್ಕು ಸಾವಿರ ಮಾರಾಯ್ರೆ?" ಕೌಂಟರಲ್ಲಿ ಕೂತವ್ರಿಗೆ ಹಿಂದೆ ಲೈನ್ ಇರ್ತದೆ, ಅವ್ರು "ಕಂಪ್ಯೂಟರ್ ತೋರಿಸಿದ್ದು ಅಷ್ಟೇ" ಅಂತಾರೆ, ನಾವು ಗೊಣಗ್ತಾ ಕಟ್ಟಿ ಬರ್ತೇವೆ. ದರ ಜಾಸ್ತಿ ಆಯ್ತು, ಸರ್ಕಾರ ಸುಲಿತಾ ಇದೆ ಅಂತ ಬೈಯೋದು ಸುಲಭ, ಆದ್ರೆ ತುಂಬಾ ಕೇಸಲ್ಲಿ ಗಲಾಟೆ ಇರೋದು ದರದಲ್ಲಲ್ಲ, ಅವ್ರ ರಿಜಿಸ್ಟರಲ್ಲಿ ನಿಮ್ಮ ಮನೆ ಬಗ್ಗೆ ಏನು ಬರೆದಿದೆ ಅನ್ನೋದ್ರಲ್ಲಿ. ಹಂಚಿನ ಮನೆ ಆರ್‌ಸಿಸಿ ಅಂತ ಇರ್ತದೆ, ಮುಚ್ಚಿ ವರ್ಷಗಳಾದ ಅಂಗಡಿ ಇನ್ನೂ ಅಂಗಡಿ ಅಂತಲೇ ಇರ್ತದೆ, ತೀರಿಹೋದ ಅಜ್ಜನ ಹೆಸರಲ್ಲೇ ಖಾತೆ ಇರ್ತದೆ. ವಿನಾಯಿತಿನೂ ಹಾಗೇ, ಕಾಯ್ದೆಯಲ್ಲಿದೆ ಅಂದ ಮಾತ್ರಕ್ಕೆ ತಾನಾಗಿ ಬರೋದಿಲ್ಲ, ಬರವಣಿಗೆಯಲ್ಲಿ ಕೇಳ್ಬೇಕು. ಎಲ್ಲಿಂದ ಶುರು ಮಾಡಿ ಎಲ್ಲಿಗೆ ಹೋಗ್ಬೇಕು ಅಂತ ಹಂತ ಹಂತವಾಗಿ ಬರೀತೇನೆ.

ಹಂತ 1: ನಿಮ್ಮ ಮನೆ ಯಾರ ಲೆಕ್ಕಕ್ಕೆ ಬರ್ತದೆ ನೋಡ್ಕೊಳ್ಳಿ

ಕಾರವಾರ, ಶಿರಸಿ, ದಾಂಡೇಲಿಯಲ್ಲಿ ನಗರಸಭೆ. ಅಂಕೋಲಾ, ಕುಮಟಾ, ಹಳಿಯಾಳದಲ್ಲಿ ಪುರಸಭೆ. ಹೊನ್ನಾವರ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದಲ್ಲಿ ಪಟ್ಟಣ ಪಂಚಾಯತ್. ಇವಕ್ಕೆಲ್ಲ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಇದರ ಹೊರಗಿದ್ರೆ ಗ್ರಾಮ ಪಂಚಾಯತ್, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ಗೋಕರ್ಣಕ್ಕೆ ಎಷ್ಟು ಟೂರಿಸ್ಟ್ ಬಂದ್ರೂ, ಎಷ್ಟು ಲಾಡ್ಜ್ ಎದ್ರೂ ಅದು ಗ್ರಾಮ ಪಂಚಾಯತೇ. ಊರಿನ ಅಂಚಲ್ಲಿ ಮನೆ ಇದ್ದವ್ರು ಇದನ್ನ ಖಾತ್ರಿ ಮಾಡ್ಕೊಳ್ಳಿ, ಯಾಕಂದ್ರೆ ರಸ್ತೆಯ ಈಚೆ ಮನೆಗೆ ನಗರಸಭೆ, ಆಚೆ ಮನೆಗೆ ಪಂಚಾಯತ್ ಆಗಿರೋದು ನಮ್ಮಲ್ಲಿ ಬೇಕಾದಷ್ಟು ಕಡೆ ಇದೆ, ಆಗ ಎರಡು ಮನೆಯ ತೆರಿಗೆ ಹೋಲಿಸಿ ಜಗಳ ಮಾಡೋದ್ರಲ್ಲಿ ಅರ್ಥನೇ ಇಲ್ಲ.

ಇನ್ನೊಂದು, ತೋಟ ಗದ್ದೆಗೆ ಕಟ್ಟೋ ಕಂದಾಯ ಬೇರೆ. ಅಡಿಕೆ ಬಾಗಾಯ್ತಕ್ಕೆ, ಅದಕ್ಕೆ ಸೊಪ್ಪು ತರೋಕೆ ಬಿಟ್ಟ ಸೊಪ್ಪಿನ ಬೆಟ್ಟಕ್ಕೆ ಗ್ರಾಮ ಆಡಳಿತಾಧಿಕಾರಿ (ಮೊದ್ಲು ಗ್ರಾಮ ಲೆಕ್ಕಿಗರು ಅಂತಿದ್ರು) ಹತ್ರ ಕಟ್ಟೋದು ಭೂ ಕಂದಾಯ, ಅದು ಮನೆ ತೆರಿಗೆ ಅಲ್ಲ. ಆದ್ರೆ ತೋಟದ ಮೂಲೆಯಲ್ಲಿ ಕಟ್ಟಿದ ಮನೆಗೆ ಪಂಚಾಯತ್ ಬಂದು ನಂಬರ್ ಹಾಕಿ ತೆರಿಗೆ ಕೇಳ್ತದೆ, ಅದು ಸರಿ. ಜಾಗ ಬಿನ್‌ಶೇತ್ಕಿ, ಅಂದ್ರೆ ಕೃಷಿಯೇತರಕ್ಕೆ ಭೂ ಪರಿವರ್ತನೆ, ಆಗಿದ್ಯೋ ಇಲ್ವೋ ಅನ್ನೋದು ಬೇರೆ ವಿಷಯ, ಅದಕ್ಕೆ ಆಮೇಲೆ ಬರ್ತೇನೆ.

ಹಂತ 2: ರಿಜಿಸ್ಟರಲ್ಲಿ ಏನಿದೆ ಅಂತ ತೆಗೆಸಿ ಓದಿ

ಇದೇ ಮುಖ್ಯ ಹಂತ, ಜನ ಇದನ್ನೇ ಬಿಟ್ಟು ನೇರ ಜಗಳಕ್ಕೆ ಹೋಗ್ತಾರೆ. ಹಳೆ ರಶೀದಿಯಲ್ಲಿ ಆಸ್ತಿ ನಂಬರ್ ಇರ್ತದೆ, ಅದನ್ನ ಹಿಡ್ಕೊಂಡು ಹೋಗಿ ಆಸ್ತಿ ತೆರಿಗೆ ರಿಜಿಸ್ಟರಿನ ಉತಾರೆ, ಅಂದ್ರೆ ನಿಮ್ಮ ಆಸ್ತಿಯ ನಮೂದಿನ ನಕಲು, ಕೇಳಿ. ಪಟ್ಟಣದಲ್ಲಿ ಈಗ ಇ-ಆಸ್ತಿ ಸಾಫ್ಟ್‌ವೇರಿಂದ ಇ-ಖಾತಾ ಬರ್ತದೆ, ಪಂಚಾಯತಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕಾಗದಪತ್ರ ಪೂರ್ತಿ ಸರಿ ಇಲ್ಲದ ಆಸ್ತಿಗೆ 11ಬಿ. ಕಾರವಾರ, ಶಿರಸಿ ಪೇಟೆ ಒಳಗಿನವ್ರಿಗೆ ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡ್ ಬೇರೆ ಇರ್ತದೆ, ಅದನ್ನೂ ಇಟ್ಕೊಳ್ಳಿ, ಅಲ್ಲಿಯ ವಿಸ್ತೀರ್ಣ ಮತ್ತು ನಗರಸಭೆ ವಿಸ್ತೀರ್ಣ ಒಂದೇ ಇದ್ಯಾ ಅಂತ ತಾಳೆ ನೋಡೋಕೆ.

ಉತಾರೆ ಕೈಗೆ ಬಂದ್ಮೇಲೆ ಇಷ್ಟು ನೋಡಿ.

ಮಾಲೀಕರ ಹೆಸರು. ತೀರಿಹೋದವ್ರ ಹೆಸರಿದ್ರೆ ಮೊದ್ಲು ವಾರಸಾ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡ್ಸಿ, ಮರಣ ಪ್ರಮಾಣಪತ್ರ, ವಂಶಾವಳಿ ಬೇಕಾಗ್ತದೆ. ಅಣ್ಣ ಮುಂಬೈಲಿ, ತಂಗಿ ಗೋವಾದಲ್ಲಿ, ಸಹಿಗೆ ಗಣೇಶ ಚೌತಿಗೆ ಎಲ್ಲರೂ ಬರ್ಲಿ ಅಂತ ಕಾಯೋ ಮನೆಗಳು ಕರಾವಳಿ ತುಂಬಾ ಇವೆ, ಆದ್ರೆ ಕೆಳಗೆ ಹೇಳೋ ವಿನಾಯಿತಿಗಳಲ್ಲಿ ಕೆಲವು ಹೆಸರಿನ ಮೇಲೇ ನಿಂತಿವೆ, ಹಾಗಾಗಿ ಮುಂದಿನ ಚೌತಿವರೆಗೂ ಎಳೀಬೇಡಿ.

ವಿಸ್ತೀರ್ಣ. ನಮ್ಮ ಹಳೆ ಕಾಗದದಲ್ಲಿ ಗುಂಟೆ ಆಣೆ, ನಗರಸಭೆ ಲೆಕ್ಕ ಚದರ ಅಡಿ ಅಥವಾ ಚದರ ಮೀಟರ್. ಒಂದು ಗುಂಟೆ ಅಂದ್ರೆ 1,089 ಚದರ ಅಡಿ, ಹದಿನಾರು ಆಣೆಗೆ ಒಂದು ಗುಂಟೆ, ಅಂದ್ರೆ ಒಂದು ಆಣೆಗೆ ಸುಮಾರು 68 ಚದರ ಅಡಿ. ಮೂರು ಗುಂಟೆ ಎಂಟು ಆಣೆ ಇದ್ರೆ 3,811 ಚಿಲ್ಲರೆ ಚದರ ಅಡಿ. ಒಂದು ಚದರ ಮೀಟರಿಗೆ 10.76 ಚದರ ಅಡಿ. ಈ ಬದಲಾವಣೆ ಮಾಡೋವಾಗಲೇ ಅರ್ಧ ತಪ್ಪು ನಡೆಯೋದು, ನೀವೇ ಮೊಬೈಲಲ್ಲಿ ಒಂದ್ಸಲ ಗುಣಿಸಿ ನೋಡಿ.

ಮಾಡು ಎಂತದು. ಹಂಚು, ಶೀಟು, ಆರ್‌ಸಿಸಿ ಎಲ್ಲದಕ್ಕೂ ಬೇರೆ ಬೇರೆ ಬೆಲೆ ಹಿಡಿತಾರೆ. ಮುಂದೆ ಒಂದು ಕೋಣೆ ಸ್ಲ್ಯಾಬ್ ಹಾಕಿಸಿ ಹಿಂದೆ ಪೂರ್ತಿ ಹಂಚೇ ಇದ್ರೆ ಎರಡನ್ನೂ ಬೇರೆ ಬೇರೆ ಬರೆಸ್ಬೇಕು, ಅವ್ರಾಗಿ ಬರೆಯೋದಿಲ್ಲ, ಮುಂದಿಂದ ಒಂದು ಫೋಟೋ ಹೊಡೆದು ಇಡೀ ಮನೆ ಸ್ಲ್ಯಾಬಿಂದು ಅಂತ ಹಾಕಿ ಹೋಗ್ತಾರೆ.

ಕಟ್ಟಿದ ವರ್ಷ. ಇದ್ರ ಮೇಲೆ ಸವಕಳಿ, ಅಂದ್ರೆ ಮನೆ ಹಳೇದಾದಷ್ಟು ಕಟ್ಟಡದ ಬೆಲೆ ಕಡಿಮೆ ಹಿಡಿತಾರೆ. ಕಾಲಂ ಖಾಲಿ ಇದ್ರೆ ಅಥವಾ ರಿಪೇರಿ ಮಾಡ್ಸಿದ ವರ್ಷವನ್ನೇ ಕಟ್ಟಿದ ವರ್ಷ ಅಂತ ಹಾಕಿದ್ರೆ ನಿಮಗೇ ನಷ್ಟ.

ಉಪಯೋಗ. ವಾಸಕ್ಕಾ, ಅಂಗಡಿಗಾ, ಎರಡೂ ಇದ್ಯಾ. ವಾಸೇತರ ದರ ವಾಸದ ದರಕ್ಕಿಂತ ಜಾಸ್ತಿ. ಜಗಲಿಯಲ್ಲಿ ಒಂದು ಗೂಡಂಗಡಿ ಇದ್ರೆ ಅಷ್ಟೇ ಚದರ ಅಡಿಗೆ ವಾಣಿಜ್ಯ ದರ, ಉಳಿದದ್ದು ವಾಸದ ದರ, ಇಡೀ ಮನೆಗೆ ಅಲ್ಲ. ಉಲ್ಟಾನೂ ಹೇಳ್ತೇನೆ, ಮೇಲಿನ ಮಾಳಿಗೆಯನ್ನ ಟೂರಿಸ್ಟ್‌ಗಳಿಗೆ ದಿನದ ಲೆಕ್ಕದಲ್ಲಿ ಕೊಡ್ತಾ ಫಾರಮ್ಮಲ್ಲಿ ವಾಸ ಅಂತ ಬರೆದು ಕೂತ್ರೆ, ಸ್ಥಳ ಪರಿಶೀಲನೆಗೆ ಬಂದ ದಿನ ವ್ಯತ್ಯಾಸದ ದುಡ್ಡಿನ ಜೊತೆ ದಂಡನೂ ಬೀಳ್ತದೆ. ಸ್ವಯಂ ಘೋಷಣೆ ಅಂದ್ರೆ ನೀವು ಬರೆದದ್ದಕ್ಕೆ ನೀವೇ ಹೊಣೆ.

ಹಂತ 3: ಲೆಕ್ಕ ಹೇಗೆ ಬೀಳ್ತದೆ

ಮೊದ್ಲು ಬಾಡಿಗೆ ಎಷ್ಟು ಬರಬಹುದು ಅನ್ನೋದ್ರ ಮೇಲೆ ತೆರಿಗೆ ಇತ್ತು. 2005-06ರಿಂದ ಪಟ್ಟಣಗಳಲ್ಲಿ ಬಂಡವಾಳ ಮೌಲ್ಯ ಪದ್ಧತಿ, ಅಂದ್ರೆ ಜಾಗ ಮತ್ತು ಕಟ್ಟಡದ ಬೆಲೆ ಎಷ್ಟಾಗ್ತದೆ ಅನ್ನೋದ್ರ ಮೇಲೆ. ಈ ಬೆಲೆ ನೀವು ಹೇಳಿದ್ದೂ ಅಲ್ಲ, ಬ್ರೋಕರ್ ಹೇಳಿದ್ದೂ ಅಲ್ಲ, ಮುದ್ರಾಂಕ ಇಲಾಖೆ ಪ್ರಕಟಿಸೋ ಮಾರ್ಗಸೂಚಿ ಬೆಲೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗೋ ಅದೇ ಪಟ್ಟಿ. ಜಾಗದ ವಿಸ್ತೀರ್ಣಕ್ಕೆ ಆ ಏರಿಯಾದ ಬೆಲೆ, ಕಟ್ಟಡದ ವಿಸ್ತೀರ್ಣಕ್ಕೆ ಅದರ ನಮೂನೆಯ ಬೆಲೆ, ಕಟ್ಟಡದಲ್ಲಿ ಸವಕಳಿ ಕಳೀರಿ, ಒಟ್ಟು ಮಾಡಿ, ಅದ್ರಲ್ಲಿ ಕಾಯ್ದೆ ಹೇಳಿದಷ್ಟು ಭಾಗಕ್ಕೆ ಮಾತ್ರ ತೆರಿಗೆ, ಆ ತೆರಿಗೆಯ ಶೇಕಡಾ ಎಷ್ಟು ಅನ್ನೋದನ್ನ ಕಾಯ್ದೆಯ ಕನಿಷ್ಠ ಗರಿಷ್ಠ ಮಿತಿ ಒಳಗೆ ನಗರಸಭೆಯ ಕೌನ್ಸಿಲ್ ಠರಾವು ಮಾಡಿ ಇಡ್ತದೆ. ಮೊದ್ಲು ಮೂರು ವರ್ಷಕ್ಕೊಮ್ಮೆ ಶೇ. 15 ಏರಿಸ್ತಾ ಇದ್ರು, ಕಾಯ್ದೆ ತಿದ್ದುಪಡಿ ಆದ್ಮೇಲೆ ಈಗ ವರ್ಷ ವರ್ಷ ಶೇ. 3ರಿಂದ 5. ಹಾಗಾಗಿ ಹೋದ ವರ್ಷಕ್ಕಿಂತ ನೂರಿನ್ನೂರು ಜಾಸ್ತಿ ಬಂದ್ರೆ ಗಾಬರಿ ಆಗ್ಬೇಡಿ, ಒಂದೇ ವರ್ಷಕ್ಕೆ ಡಬಲ್ ಆಯ್ತು ಅಂದ್ರೆ ಮಾತ್ರ ಹಂತ 2ಕ್ಕೆ ವಾಪಸ್ ಹೋಗಿ.

ರಿಜಿಸ್ಟರ್ ತಪ್ಪಿದ್ರೆ ಎಷ್ಟು ವ್ಯತ್ಯಾಸ ಅಂತ ಒಂದು ಲೆಕ್ಕ ಹಾಕಿ ತೋರಿಸ್ತೇನೆ. ಇಲ್ಲಿನ ರೇಟು ನಾನು ಉದಾಹರಣೆಗೆ ಹಿಡ್ಕೊಂಡಿದ್ದು, ನಿಮ್ಮ ಊರಿಂದು ಅಲ್ಲ. 900 ಚದರ ಅಡಿ ಹಂಚಿನ ಮನೆ, ಹಳೇದು. ಹಂಚಿಗೆ ಚದರ ಅಡಿಗೆ 800 ರೂಪಾಯಿ ಅಂತ ಹಿಡಿದ್ರೆ 7,20,000, ಹಳೆ ಮನೆ ಅಂತ ಶೇ. 40 ಸವಕಳಿ ತೆಗೆದ್ರೆ 4,32,000. ಅದೇ ಮನೆ ರಿಜಿಸ್ಟರಲ್ಲಿ ಆರ್‌ಸಿಸಿ, ಇತ್ತೀಚೆಗೆ ಕಟ್ಟಿದ್ದು ಅಂತ ಇದ್ರೆ, ಚದರ ಅಡಿಗೆ 1,200ರ ಲೆಕ್ಕದಲ್ಲಿ 10,80,000, ಸವಕಳಿ ಬರೀ ಶೇ. 10, ಉಳಿದದ್ದು 9,72,000. ಜಾಗದ ಬೆಲೆ ಎರಡರಲ್ಲೂ ಒಂದೇ ಇರ್ತದೆ, ಆದ್ರೂ ಕಟ್ಟಡದ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಪಕ್ಕದ ಮನೆಯವ್ರಿಗೂ ನಿಮಗೂ ಇರೋ ವ್ಯತ್ಯಾಸ ಬಹಳ ಸಲ ಇಷ್ಟೇ.

ತೆರಿಗೆ ಮೇಲೆ ಉಪಕರ ಇದೆ, ಇದನ್ನ ಕಂಡು "ಭಿಕ್ಷುಕರ ತೆರಿಗೆ ನಾವೆಂತಕ್ಕೆ ಕಟ್ಟೋದು" ಅಂತ ಕೇಳೋರು ಪ್ರತಿ ವರ್ಷ ಒಬ್ರಾದ್ರೂ ಇರ್ತಾರೆ. ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಉಪಕರ ಶೇ. 3, ಇದು ತೆರಿಗೆ ಮೇಲಿನ ಶೇಕಡಾ, ಮನೆ ಬೆಲೆ ಮೇಲಿಂದಲ್ಲ. ಪಂಚಾಯತಲ್ಲಿ ಇವುಗಳ ಜೊತೆ ಶಿಕ್ಷಣ ಕರ ಶೇ. 10 ಸೇರಿ ಒಟ್ಟು ಶೇ. 34. ಪಟ್ಟಣದ ಚಲನ್ನಲ್ಲಿ ನಗರ ಸಾರಿಗೆ ಉಪಕರ, ಕಸದ ಶುಲ್ಕ ಅಂತಲೂ ಸಾಲು ಕಾಣ್ತದೆ. ಇವುಗಳಲ್ಲಿ ಬಹಳಷ್ಟನ್ನ ನಗರಸಭೆ ವಸೂಲಿ ಮಾಡಿ ಸಂಬಂಧಪಟ್ಟ ಇಲಾಖೆಗೆ ದಾಟಿಸ್ಬೇಕು ಅಷ್ಟೇ, ಕೌಂಟರಲ್ಲಿ ಕೇಳಿದ್ರೆ ಕಡಿಮೆ ಆಗೋದಲ್ಲ.

ಮನೆ ಸುತ್ತ ಅಂಗಳ ಹಿತ್ತಲು ಇದ್ದೇ ಇರ್ತದೆ ನಮ್ಮಲ್ಲಿ. ಅದು ಒಂದು ಮಿತಿವರೆಗೆ ಮನೆ ಜೊತೆಗೇ ಸೇರ್ತದೆ, ಮಿತಿ ದಾಟಿದ ಭಾಗಕ್ಕೆ ಖಾಲಿ ನಿವೇಶನ ಅಂತ ಬೇರೆ ಲೆಕ್ಕ. ತೆಂಗಿನ ಮರ ಇದೆ, ಹೂವಿನ ಗಿಡ ಇದೆ ಅಂದ್ರೂ ನಗರಸಭೆ ಮಟ್ಟಿಗೆ ಅದು ಖಾಲಿ ಜಾಗನೇ.

ಹಂತ 4: ಎಲ್ಲರಿಗೂ ಸಿಗೋ ರಿಯಾಯಿತಿ, ಅಂದ್ರೆ ಏಪ್ರಿಲ್

ಏಪ್ರಿಲ್ ತಿಂಗಳೊಳಗೆ ಇಡೀ ವರ್ಷದ್ದು ಕಟ್ಟಿದ್ರೆ ಶೇ. 5 ರಿಯಾಯಿತಿ. ಮೇ, ಜೂನ್ ರಿಯಾಯಿತಿನೂ ಇಲ್ಲ ದಂಡನೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2. ತೆರಿಗೆ 4,000 ಅಂತ ಇಟ್ಕೊಳ್ಳಿ, ಏಪ್ರಿಲ್ಲಲ್ಲಿ 200 ಉಳೀತದೆ, ಡಿಸೆಂಬರಿಗೆ ಕಟ್ಟಿದ್ರೆ ಆರು ತಿಂಗಳದ್ದು ಶೇ. 12, 480 ದಂಡ. ಎರಡಕ್ಕೂ ಅಂತರ 680 ರೂಪಾಯಿ, ಯಾವ ಬ್ಯಾಂಕ್ ಎಫ್‌ಡಿನೂ ಇಷ್ಟು ಕೊಡೋದಿಲ್ಲ. ಕೆಲವು ವರ್ಷ ಸರ್ಕಾರ ರಿಯಾಯಿತಿ ದಿನ ಮುಂದೆ ಹಾಕ್ತದೆ, ಕೊರೊನಾ ಬಂದ 2020ರಲ್ಲಿ ಹಾಗೆ ಮಾಡಿತ್ತು, ಆದ್ರೆ ಅದನ್ನ ನಂಬಿ ಕೂರೋದು ಬೇಡ.

ಮನೆಗೆ ಬೀಗ ಹಾಕಿ ಬೆಂಗಳೂರು ಮುಂಬೈಲಿ ಇರೋರಿಗೂ ಇದೇ ಲೆಕ್ಕ, ಖಾಲಿ ಮನೆ ಅಂತ ತೆರಿಗೆ ಬಿಡೋದಿಲ್ಲ. ಪಟ್ಟಣದ್ದು ಆನ್‌ಲೈನಲ್ಲಿ ಕಟ್ಟೋಕೆ ಬರ್ತದೆ, ಕಟ್ಟಿದ್ಮೇಲೆ ರಶೀದಿ ಪಿಡಿಎಫ್ ಇಳಿಸ್ಕೊಳ್ಳಿ, ಸ್ಕ್ರೀನ್‌ಶಾಟ್ ನಂಬಬೇಡಿ. ಪಂಚಾಯತಲ್ಲಿ ಬಿಲ್ ಕಲೆಕ್ಟರ್ ಮನೆಗೇ ಬಂದ್ರೆ ಕಂಪ್ಯೂಟರ್ ರಶೀದಿ ಕೇಳಿ, "ನಾಳೆ ಕೊಡ್ತೆ" ಅಂದ್ರೆ ದುಡ್ಡೂ ನಾಳೆ ಕೊಡಿ.

ಹಂತ 5: ಕಾಯ್ದೆಯಲ್ಲಿರೋ ವಿನಾಯಿತಿ ಯಾರ್ಯಾರಿಗೆ

ಇಲ್ಲಿ ವಾಟ್ಸಾಪ್ ಸುದ್ದಿ ಜಾಸ್ತಿ. "ಹಿರಿಯ ನಾಗರಿಕರಿಗೆ, ಹೆಂಗಸರಿಗೆ ಶೇ. 30 ಮಾಫಿ" ಅನ್ನೋ ಫಾರ್ವರ್ಡ್ ನಿಮಗೂ ಬಂದಿರ್ತದೆ, ಅದು ದೆಹಲಿ ಪಾಲಿಕೆಯ ನಿಯಮ, ನಮ್ಮ ಪುರಸಭೆ ಕಾಯ್ದೆಯಲ್ಲಿ ವಯಸ್ಸಿನ ಮೇಲೆ ರಿಯಾಯಿತಿ ಇಲ್ಲ. ಅರವತ್ತು ದಾಟಿದವ್ರು ಆಧಾರ್ ಕಾರ್ಡ್ ಹಿಡ್ಕೊಂಡು ಬಿಸಿಲಲ್ಲಿ ಅಲೆಯೋದು ನೋಡೋಕೆ ಬೇಜಾರಾಗ್ತದೆ, ಆ ಮೆಸೇಜ್ ಬಂದ್ರೆ ಮುಂದೆ ಕಳಿಸ್ಬೇಡಿ.

ನಮ್ಮಲ್ಲಿ ನಿಜವಾಗ್ಲೂ ಇದ್ದು ಜನ ಕೇಳದೇ ಬಿಟ್ಟಿರೋದು ಮಾಜಿ ಸೈನಿಕರದ್ದು. ಮಾಜಿ ಸೈನಿಕರು ಅಥವಾ ತೀರಿಹೋದ ಮಾಜಿ ಸೈನಿಕರ ಕುಟುಂಬ ತಾವೇ ವಾಸ ಇರೋ ಮನೆಗೆ ತೆರಿಗೆಯಲ್ಲಿ ಶೇ. 50 ವಿನಾಯಿತಿ. ಸೀಬರ್ಡ್ ನೌಕಾನೆಲೆ ಬಂದ ಮೇಲೆ ಕಾರವಾರದಲ್ಲಿ ನೇವಿಯಿಂದ ರಿಟೈರ್ ಆಗಿ ಇಲ್ಲೇ ಮನೆ ಕಟ್ಟಿದವ್ರು ಕಮ್ಮಿ ಏನಿಲ್ಲ, ಅಂಕೋಲಾ ಕುಮಟಾ ಕಡೆಯಿಂದ ಸೇನೆಗೆ ಹೋಗಿ ಬಂದವ್ರೂ ಇದ್ದಾರೆ. ಇದಕ್ಕೆ ಬೇಕಾದ್ದು ಇಷ್ಟು: ಸೈನಿಕ ಕಲ್ಯಾಣ ಇಲಾಖೆಯ ಮಾಜಿ ಸೈನಿಕರ ಗುರುತಿನ ಚೀಟಿ, ಡಿಸ್ಚಾರ್ಜ್ ಬುಕ್ ಪ್ರತಿ, ಪಿಂಚಣಿ ಆದೇಶ, ಮನೆಯ ಖಾತೆ, ಅದೇ ಮನೆಯಲ್ಲಿ ವಾಸ ಇದ್ದದ್ದಕ್ಕೆ ಕರೆಂಟ್ ಬಿಲ್ಲೋ ರೇಷನ್ ಕಾರ್ಡೋ. ಸಿಕ್ಕಿಹಾಕಿಕೊಳ್ಳೋದು ಎಲ್ಲಿ ಅಂದ್ರೆ ಖಾತೆಯಲ್ಲಿ, ಮನೆ ಇನ್ನೂ ಅಪ್ಪನ ಹೆಸರಲ್ಲಿ ಅಥವಾ ಮಾವನ ಹೆಸರಲ್ಲಿ ಇದ್ರೆ ಫೈಲ್ ಅಲ್ಲೇ ನಿಲ್ತದೆ. ಬಾಡಿಗೆಗೆ ಕೊಟ್ಟ ಮನೆಗೂ ಇದು ಸಿಗೋದಿಲ್ಲ. ವಿಧವೆಯಾದ ಅಮ್ಮಂದಿರು ತುಂಬಾ ಜನ ಇದನ್ನ ಕೇಳ್ಬಹುದು ಅಂತ ಗೊತ್ತಿಲ್ದೇ ಪೂರ್ತಿ ಕಟ್ತಾ ಇದ್ದಾರೆ, ನಿಮ್ಮ ಕೇರಿಯಲ್ಲಿದ್ರೆ ಹೇಳಿ.

ದೇವಸ್ಥಾನ, ಚರ್ಚ್, ಮಸೀದಿ, ಸ್ಮಶಾನಗಳಿಗೆ ತೆರಿಗೆ ಇಲ್ಲ. ಧರ್ಮಾರ್ಥ ನಡೆಸೋ ಛತ್ರ, ಅನಾಥಾಲಯ, ಸ್ವಂತ ಕಟ್ಟಡದಲ್ಲಿರೋ ಮಾನ್ಯತೆ ಪಡೆದ ಶಾಲೆ, ಗ್ರಂಥಾಲಯ, ಇವೂ ಷರತ್ತಿನ ಮೇಲೆ ಪಟ್ಟಿಯಲ್ಲಿವೆ. ಷರತ್ತು ಒಂದೇ ಮಾತಲ್ಲಿ ಹೇಳೋದಾದ್ರೆ, ಬಾಡಿಗೆ ಬಂತಾ ವಿನಾಯಿತಿ ಹೋಯ್ತು. ದೇವಸ್ಥಾನದ ಗೋಡೆಗೆ ಅಂಟಿ ಮೂರು ಮಳಿಗೆ ಬಾಡಿಗೆಗಿದ್ರೆ ಗರ್ಭಗುಡಿಗೆ ವಿನಾಯಿತಿ, ಮಳಿಗೆಗೆ ತೆರಿಗೆ. ಮನೆಯೊಳಗಿನ ದೇವರ ಕೋಣೆ ತೋರಿಸಿ, ಭೂತನ ಕಟ್ಟೆ ತೋರಿಸಿ ಇಡೀ ಮನೆಗೆ ಕೇಳೋಕೆ ಆಗೋದಿಲ್ಲ. ಕೇಂದ್ರ ಸರ್ಕಾರದ ಆಸ್ತಿಗೆ ಸಂವಿಧಾನದ 285ನೇ ವಿಧಿಯಲ್ಲೇ ವಿನಾಯಿತಿ ಇದೆ, ಹಾಗಾಗಿ "ನೇವಿಗೆ ಅಷ್ಟು ಜಾಗ ಇದೆ, ಅವ್ರು ಎಂತಕ್ಕೆ ಕಟ್ಟೋದಿಲ್ಲ" ಅನ್ನೋ ಚಹಾ ಅಂಗಡಿ ವಾದಕ್ಕೆ ಅಲ್ಲೇ ಉತ್ತರ.

ಟ್ರಸ್ಟ್ ಅಥವಾ ಸಮಿತಿಯವ್ರಿಗೆ ಒಂದು ಮಾತು, ಪದಾಧಿಕಾರಿ ಬದಲಾದಾಗ ಈ ಕಾಗದ ಕಳೆದುಹೋಗ್ತದೆ. ವಿನಾಯಿತಿ ಆದೇಶದ ಪ್ರತಿ ಮತ್ತು ಟ್ರಸ್ಟ್ ನೋಂದಣಿ ಪತ್ರ ಎರಡನ್ನೂ ಸಮಿತಿ ಕಪಾಟಲ್ಲೇ ಇಡಿ, ಅಧ್ಯಕ್ಷರ ಮನೆಯಲ್ಲಲ್ಲ.

ಮನೆ ಬಿದ್ದವ್ರ ವಿಷಯ ಬೇರೆ. 2019ರಲ್ಲಿ, 2021ರಲ್ಲಿ ಕಾಳಿ, ಗಂಗಾವಳಿ ದಂಡೆಯಲ್ಲಿ ನೆರೆ ಬಂದು ಎಷ್ಟೋ ಮಣ್ಣಿನ ಗೋಡೆ ಮನೆ ಕುಸಿದ್ವು, ಪರಿಹಾರ ಬಂತು, ಆದ್ರೆ ತೆರಿಗೆ ರಿಜಿಸ್ಟರಲ್ಲಿ ಮನೆ ನಿಂತೇ ಇದೆ. ಮನೆ ಬಿದ್ರೆ ಅಥವಾ ನೀವೇ ಕೆಡವಿದ್ರೆ ನಗರಸಭೆಗೆ ಅಥವಾ ಪಂಚಾಯತಿಗೆ ಬರೆದು ಕೊಡಿ, ಜೊತೆಗೆ ತಹಶೀಲ್ದಾರ್ ಕಚೇರಿಯ ಪಂಚನಾಮೆ ಪ್ರತಿ, ಫೋಟೋ. ಆಗ ಜಾಗದ ಲೆಕ್ಕ ಮಾತ್ರ ಉಳೀತದೆ. ಕಂದಾಯ ಇಲಾಖೆಯವ್ರು ಬಂದು ನೋಡಿ ಹೋದ್ರಲ್ಲ ಅಂತ ಸುಮ್ನಿರಬೇಡಿ, ಆ ಇಲಾಖೆ ಬೇರೆ ಈ ಇಲಾಖೆ ಬೇರೆ, ಒಬ್ರು ಕಂಡದ್ದನ್ನ ಇನ್ನೊಬ್ರಿಗೆ ಹೇಳೋ ಪದ್ಧತಿ ಅಲ್ಲಿಲ್ಲ.

ಹಂತ 6: ಅರ್ಜಿ ಬರೆಯೋದು

ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ನಗರಸಭೆಯಾದ್ರೆ ಪೌರಾಯುಕ್ತರಿಗೆ, ಪುರಸಭೆ ಪಟ್ಟಣ ಪಂಚಾಯತಾದ್ರೆ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯತಾದ್ರೆ ಪಿಡಿಒಗೆ (ಪಂಚಾಯತ್ ಅಭಿವೃದ್ಧಿ ಅಧಿಕಾರಿ). ಉದ್ದ ಕಥೆ ಬೇಡ, ಹೀಗೆ ಬರೀರಿ:

"ಮಾನ್ಯರೆ, ವಾರ್ಡ್ ನಂ. ..., ಆಸ್ತಿ ನಂ. ... ನನ್ನ ಹೆಸರಿನಲ್ಲಿದ್ದು, ಸದರಿ ಕಟ್ಟಡವು ಮಂಗಳೂರು ಹಂಚಿನ ಮೇಲ್ಛಾವಣಿ ಹೊಂದಿದೆ. ತೆರಿಗೆ ವಹಿಯಲ್ಲಿ ಆರ್‌ಸಿಸಿ ಎಂದು ತಪ್ಪಾಗಿ ನಮೂದಾಗಿದೆ. ಸ್ಥಳ ಪರಿಶೀಲನೆ ನಡೆಸಿ ವಹಿಯನ್ನು ತಿದ್ದುಪಡಿ ಮಾಡಿ, ಹೆಚ್ಚುವರಿಯಾಗಿ ಪಾವತಿಸಿದ ಮೊತ್ತವನ್ನು ಮುಂದಿನ ಸಾಲಿನ ತೆರಿಗೆಗೆ ಹೊಂದಾಣಿಕೆ ಮಾಡಿಕೊಡಬೇಕಾಗಿ ಕೋರುತ್ತೇನೆ. ಲಗತ್ತು: ರಶೀದಿಗಳು, ಕಟ್ಟಡದ ಫೋಟೋಗಳು, ಖಾತೆ ಪ್ರತಿ."

ವಿನಾಯಿತಿಗಾದ್ರೆ ಇದೇ ನಮೂನೆ, ಮಧ್ಯದ ಸಾಲು ಬದಲಾಯಿಸಿ. ಎರಡು ಪ್ರತಿ ಮಾಡಿ, ಒಂದನ್ನ ಆವಕ ವಿಭಾಗದಲ್ಲಿ ಕೊಟ್ಟು ಇನ್ನೊಂದ್ರ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸ್ಕೊಳ್ಳಿ. ಅದು ಸಿಗದೇ ಅಲ್ಲಿಂದ ಕದಲಬೇಡಿ. ಖಾತೆ ಬದಲಾವಣೆ ಸಕಾಲ ಯೋಜನೆಯಲ್ಲಿ, ಅಂದ್ರೆ ಸರ್ಕಾರಿ ಸೇವೆಯನ್ನ ಇಷ್ಟೇ ದಿನದಲ್ಲಿ ಕೊಡ್ಬೇಕು ಅನ್ನೋ ಯೋಜನೆಯಲ್ಲಿ ಬರ್ತದೆ, ಸಕಾಲ ನಂಬರ್ ಇರೋ ಸ್ವೀಕೃತಿ ತಗೊಂಡ್ರೆ ಎಷ್ಟು ದಿನದೊಳಗೆ ಆಗ್ಬೇಕು ಅನ್ನೋದು ಅದ್ರಲ್ಲೇ ಇರ್ತದೆ.

ಸ್ಥಳ ಪರಿಶೀಲನೆಗೆ ಬರೋ ದಿನ ಮನೆಯಲ್ಲಿ ಯಾರಾದ್ರೂ ಇರಿ, ಟೇಪ್ ಹಿಡಿಯೋಕೆ ಜೊತೆಗೆ ನಿಲ್ಲಿ, ಎಷ್ಟು ಬರೆದ್ರು ಅಂತ ಅಲ್ಲೇ ನೋಡ್ಕೊಳ್ಳಿ. ತೆರೆದ ಜಗಲಿ, ಕೊಟ್ಟಿಗೆ, ಬಚ್ಚಲ ಕೊಟ್ಟಿಗೆ ಎಲ್ಲವನ್ನೂ ಸೇರಿಸಿ ಒಂದೇ ಅಳತೆ ಬರೆದು ಹೋಗೋರು ಇದ್ದಾರೆ.

ಉತ್ತರ ಬರ್ಲಿಲ್ಲ ಅಂದ್ರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವ್ರಿಗೆ ಅದೂ ಇಲ್ಲ, ಮೂವತ್ತು ದಿನದಲ್ಲಿ ಉತ್ತರ ಕೊಡ್ಬೇಕು. "ನನ್ನ ಅರ್ಜಿ ಏನಾಯ್ತು" ಅಂತ ಬರೀಬೇಡಿ, ಅದಕ್ಕೆ "ಪರಿಶೀಲನೆಯಲ್ಲಿದೆ" ಅನ್ನೋ ಉತ್ತರ ಬರ್ತದೆ. ದಾಖಲೆ ಕೇಳಿ: ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆ ಪ್ರತಿ, ತೆರಿಗೆ ದರ ನಿಗದಿ ಮಾಡಿದ ಕೌನ್ಸಿಲ್ ಠರಾವಿನ ಪ್ರತಿ, ಸವಕಳಿ ಕೋಷ್ಟಕದ ಪ್ರತಿ. ಈ ಮೂರು ಕೇಳಿದ ಮೇಲೆ ಕಡತ ತಾನಾಗಿ ಮೇಜಿನ ಮೇಲೆ ಬರೋದು ಜಾಸ್ತಿ. ಅದಕ್ಕೂ ಮೇಲೆ ಬೇಕಾದ್ರೆ ಪಟ್ಟಣದವ್ರು ಕಾರವಾರದ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ, ಹಳ್ಳಿಯವ್ರು ತಾಲೂಕು ಪಂಚಾಯತ್ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಬರೀಬಹುದು. ಒಂದು ಎಚ್ಚರ, ತಕರಾರು ಇದೆ ಅಂತ ತೆರಿಗೆ ನಿಲ್ಲಿಸ್ಬೇಡಿ, ಕಟ್ಟಿ, ಅರ್ಜಿಯಲ್ಲಿ "ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ" ಅಂತ ಒಂದು ಸಾಲು ಸೇರಿಸಿ. ಇಲ್ಲಾಂದ್ರೆ ಶೇ. 2 ತನ್ನ ಪಾಡಿಗೆ ಓಡ್ತಾ ಇರ್ತದೆ.

ಹಂತ 7: ಕಾಗದ ಸರಿ ಇಲ್ಲದ ಜಾಗ, ಅರಣ್ಯ ಜಾಗ

ಈಗ ಬಿನ್‌ಶೇತ್ಕಿ ವಿಷಯ. ಭೂ ಪರಿವರ್ತನೆ ಆಗದ ಜಾಗದಲ್ಲಿ, ಪರವಾನಿಗೆ ಇಲ್ದೇ ಕಟ್ಟಿದ ಮನೆಗೂ ತೆರಿಗೆ ಹಾಕ್ತಾರೆ, ಕಾಯ್ದೆಯಲ್ಲಿ ಅಂಥ ಕಟ್ಟಡಕ್ಕೆ ದುಪ್ಪಟ್ಟು ಹಾಕೋಕೂ ಅವಕಾಶ ಇದೆ. 2025ರಲ್ಲಿ ಪಟ್ಟಣಗಳಲ್ಲಿ ಬಿ ಖಾತಾ ಅಭಿಯಾನ ನಡೀತು, ಅದ್ರಲ್ಲಿ ಖಾತೆ ಸಿಕ್ಕಿದವ್ರು ಮನೆ ಸಕ್ರಮ ಆಯ್ತು ಅಂತ ಹೋಳಿಗೆ ಮಾಡಿದ್ದೂ ಇದೆ. ಹಾಗಲ್ಲ. ಬಿ ಖಾತಾ ಅಂದ್ರೆ ನಿಮ್ಮ ಆಸ್ತಿ ತೆರಿಗೆ ಲೆಕ್ಕಕ್ಕೆ ಬಂತು ಅಂತ, ಸಕ್ರಮ ಆಯ್ತು ಅಂತಲ್ಲ. ತೆರಿಗೆ ರಶೀದಿ ಮಾಲೀಕತ್ವದ ದಾಖಲೆ ಅಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ.

ಹಾಗಂತ ರಶೀದಿ ಬಿಸಾಡೋ ಕಾಗದನೂ ಅಲ್ಲ, ನಮ್ಮ ಜಿಲ್ಲೆಯಲ್ಲಂತೂ ಅಲ್ಲವೇ ಅಲ್ಲ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಅರಣ್ಯ ಇರೋ ಜಿಲ್ಲೆ ಇದು, ತಲೆಮಾರುಗಳಿಂದ ಅರಣ್ಯ ಜಾಗದಲ್ಲಿ ಮನೆ ಮಾಡ್ಕೊಂಡು ಪಂಚಾಯತಿಗೆ ತೆರಿಗೆ ಕಟ್ತಾ ಬಂದವ್ರು ಸಾವಿರಾರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದವ್ರಿಗೆ ಗೊತ್ತಿರಬಹುದು, ಅದರ ನಿಯಮಗಳಲ್ಲಿ ಯಾವ್ಯಾವುದು ಸಾಕ್ಷ್ಯ ಅಂತ ಪಟ್ಟಿ ಇದೆ, ಮತದಾರರ ಗುರುತಿನ ಚೀಟಿ, ರೇಷನ್ ಕಾರ್ಡ್ ಜೊತೆ ಮನೆ ತೆರಿಗೆ ರಶೀದಿನೂ ಅದ್ರಲ್ಲಿದೆ. ಬುಡಕಟ್ಟಿನವ್ರು 2005ರ ಡಿಸೆಂಬರ್ 13ಕ್ಕೆ ಮೊದ್ಲು ಸ್ವಾಧೀನದಲ್ಲಿದ್ದದ್ದು ತೋರಿಸ್ಬೇಕು, ಉಳಿದವ್ರು ಅದಕ್ಕೂ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ ಅರಣ್ಯ ಅವಲಂಬಿಸಿ ವಾಸ ಇದ್ದದ್ದು. ಅಷ್ಟು ಹಿಂದಿನದಕ್ಕೆ ತೆರಿಗೆ ರಶೀದಿ ಒಂದೇ ಸಾಲೋದಿಲ್ಲ, ಆದ್ರೆ ಅಜ್ಜನ ಕಾಲದ ಕೈಬರಹದ ರಶೀದಿ ಟ್ರಂಕಲ್ಲಿ ಸಿಕ್ರೆ ಗೆದ್ದಲಿಗೆ ಬಿಡಬೇಡಿ, ಮಳೆಗಾಲಕ್ಕೆ ಮೊದ್ಲು ಸ್ಕ್ಯಾನ್ ಮಾಡ್ಸಿ, ಮೂಲ ಪ್ರತಿಯನ್ನ ಯಾವ ಕಚೇರಿಗೂ ಬಿಟ್ಟು ಬರಬೇಡಿ. ಹಳೇ ರಶೀದಿ ಕಳೆದಿದ್ರೆ ಪಂಚಾಯತಿನ ಹಳೆ ತೆರಿಗೆ ವಹಿಯ ದೃಢೀಕೃತ ನಕಲು ಕೇಳಿ, ಮಾಹಿತಿ ಹಕ್ಕಿನಲ್ಲೇ ಕೇಳಬಹುದು.

ಇ-ಖಾತಾ ಮಾಡ್ಸೋರು ನೋಂದಾಯಿತ ಪತ್ರ, ಇತ್ತೀಚಿನ ಋಣಭಾರ ಪತ್ರ, ಈ ಸಾಲಿನ ತೆರಿಗೆ ರಶೀದಿ, ಮಾಲೀಕರ ಫೋಟೋ, ಮನೆ ಫೋಟೋ, ಗುರುತಿನ ಚೀಟಿ ಇಟ್ಕೊಂಡು ಹೋಗಿ. ಈಗ ಇ-ಖಾತಾ ಇಲ್ದೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗೋದಿಲ್ಲ, ಮನೆ ಮಾರೋ ದಿನ ಓಡಾಡೋದಕ್ಕಿಂತ ಈಗಲೇ ಮಾಡ್ಸಿ, ಹಂತ 2ರ ತಪ್ಪುಗಳನ್ನ ಇ-ಖಾತಾಕ್ಕೆ ಮೊದ್ಲೇ ತಿದ್ದಿಸ್ಕೊಂಡ್ರೆ ಇನ್ನೂ ಒಳ್ಳೇದು, ಅದ್ರಲ್ಲಿ ಒಮ್ಮೆ ಕೂತ ತಪ್ಪು ತೆಗ್ಸೋದು ಕೈಬರಹದ ವಹಿಗಿಂತ ಕಷ್ಟ.

ಹಂತ 8: ಮನೆ ಬಾಡಿಗೆಗೆ ಕೊಟ್ಟವ್ರಿಗೆ

ಇದು ಚಿಕ್ಕದು, ಆದ್ರೆ ಕೈಗೆ ದುಡ್ಡು ಬರೋದು. ಬಾಡಿಗೆ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋವಾಗ, ಆ ಮನೆಗೆ ನಗರಸಭೆಗೋ ಪಂಚಾಯತಿಗೋ ಕಟ್ಟಿದ ತೆರಿಗೆಯನ್ನ ಬಾಡಿಗೆಯಿಂದ ಕಳೀಬಹುದು, ಉಳಿದದ್ರಲ್ಲಿ ಮತ್ತೆ ಶೇ. 30 ಕಳೆದೇ ಆದಾಯ ಲೆಕ್ಕ. ನೀವೇ ವಾಸ ಇರೋ ಮನೆಗೆ ಇದಿಲ್ಲ. ಯಾವ ವರ್ಷದ ತೆರಿಗೆ ಅನ್ನೋದು ಮುಖ್ಯ ಅಲ್ಲ, ಯಾವ ವರ್ಷ ಕಟ್ಟಿದ್ರಿ ಅನ್ನೋದು ಮುಖ್ಯ, ಬಾಕಿ ಇದ್ರೆ ಮಾರ್ಚ್ 31ರೊಳಗೆ ಕಟ್ಟಿದ್ದು ಆ ವರ್ಷದ ಲೆಕ್ಕಕ್ಕೆ ಬರ್ತದೆ. ಮತ್ತೆ ಕಟ್ಟಿದ್ದು ಮಾಲೀಕರೇ ಆಗಿರಬೇಕು. "ತೆರಿಗೆ ನೀವೇ ಕಟ್ಕೊಳ್ಳಿ, ಬಾಡಿಗೆ ಅಷ್ಟು ಕಡಿಮೆ ಕೊಡಿ" ಅಂತ ಬಾಡಿಗೆದಾರರ ಹತ್ರ ಮಾತಾಡ್ಕೊಂಡಿದ್ರೆ ಈ ಕಡಿತ ನಿಮಗೆ ಸಿಗೋದಿಲ್ಲ, ಅದಕ್ಕೆ ಬಾಡಿಗೆ ಪೂರ್ತಿ ತಗೊಂಡು ತೆರಿಗೆ ನಿಮ್ಮ ಅಕೌಂಟಿಂದಲೇ ಕಟ್ಟಿ.